‘ಒದ್ದು’ ಎಂದು ಬರೆದವಳು ನಾನೇ

ಹುಡುಗಿ ನಮ್ಮ ಕೋಣೆಯ ಬಾಗಿಲವರೆಗೆ ಮೂರು ಸಲ ಬಂದು ಮೂರು ಸಲವೂ ಹಾಗೇ ತಿರುಗಿ ಹೋದಳು. ನಾಲ್ಕನೆಯ ಸಲ ನಾನೇ ಎದ್ದು ಹೋದೆ. “ಯಾಕವ್ವ, ಬಾಗಿಲ ಅಳತಿ ತಗಳಾಕೆ ಬಂದೀಯೇನು? ಒಳಗೆ ಬಾ” ಎಂದೆ. ನಗಲಿ ಎಂದು ಹೇಳಿದ್ದು. ನಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, “ಮ್ಯಾಡಮ್, ಒಂದು ಕಂಪ್ಲೇಂಟ್ ಕೊಡ್ಬೇಕಿತ್ತು. ಹೆಂಗ್ ಕೊಡೋದು ಅಂತ ಗೊತ್ತಿಲ್ಲ” ಎಂದಳು.

ಆಗ ನಾನು ಆ ಸ್ನಾತಕೋತ್ತರ ಕೇಂದ್ರಕ್ಕೆ ಬಂದು ನಾಲ್ಕೇ ತಿಂಗಳಾಗಿತ್ತು. ಕೇಂದ್ರ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ನಡುವೆ ಎಲ್ಲೋ ಇದೆ ಎಂದಷ್ಟೇ ಹೇಳುತ್ತೇನೆ. ಇನ್ನೂ ಹೆಚ್ಚು ಹೇಳಿದರೆ ಹುಡುಗಿಯ ಗುರುತು ಸಿಕ್ಕೀತು, ಕಾನೂನೂ ಒಪ್ಪುವುದಿಲ್ಲ. ನಾನು ದಾವಣಗೆರೆ ಕಡೆಯವಳು. ಪಾಠ ಮಾಡುವುದು ವಾಣಿಜ್ಯ. ಆದರೆ ನನ್ನ ಅಕ್ಷರ ದುಂಡಗಿದೆ, ಕನ್ನಡ ತಪ್ಪಿಲ್ಲದೆ ಬರೆಯುತ್ತೇನೆ ಎಂದು, ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗೆ ನನ್ನನ್ನು ಸದಸ್ಯೆಯಾಗಿ ಹಾಕಿ ಬರವಣಿಗೆಯ ಜವಾಬ್ದಾರಿ ಕೊಟ್ಟಿದ್ದರು. ಆ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಭವೂ ಇತ್ತು.

ದೂರು ಬರಹದಲ್ಲೇ ಇರಬೇಕು. ಕೊಡುವವರಿಗೆ ಬರೆಯಲು ಆಗದಿದ್ದರೆ ಸಮಿತಿಯವರು ನೆರವಾಗಬೇಕು, ಬರೆದದ್ದನ್ನು ಓದಿ ಹೇಳಬೇಕು, ಸಹಿ ಹಾಕಿಸಬೇಕು. ಹುಡುಗಿ ರೇಷ್ಮೆ ಕೃಷಿಯ ಎಂ.ಎಸ್ಸಿ. ಕೊನೆಯ ವರ್ಷದವಳು, ಬರೆಯಲು ಬಾರದವಳೇನಲ್ಲ. ಆದರೆ ಪೆನ್ನು ಕೊಟ್ಟರೆ ಮೊದಲ ಸಾಲೇ ವಾಲಾಡಿತು. “ನೀವೇ ಬರ್ಕೊಳಿ ಮ್ಯಾಡಮ್, ನಾನ್ ಹೇಳ್ತೀನಿ” ಎಂದಳು. ನಾನು ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ.

“ಹುಳು ಸಾಕೋ ರೂಮಲ್ಲಿ ಒಬ್ಳೇ ರೇಷ್ಮೆಗೂಡು ತೂಕ ಹಾಕ್ತಿದ್ದೆ. ಊಟದ ಟೈಮು. ಗೈಡ್ ಸಾರ್ ಬಂದ್ರು. ಬಾಗಿಲು ಮುಂದಕ್ ತಳ್ಳಿದ್ರು. ರೀಡಿಂಗ್ ತೋರ್ಸು ಅಂತ ಹತ್ರ ಬಂದು ಕೈ ಹಿಡ್ಕೊಂಡ್ರು, ಬಿಡ್ಲಿಲ್ಲ. ಇನ್ನೊಂದ್ ಕೈ ಸೊಂಟಕ್ಕೆ ಹಾಕಿದ್ರು. ಆಗ ನಾನು ಒದ್ದು ಬಿಡಿ ಅಂದೆ ಮ್ಯಾಡಮ್. ಮೇಜು ತಾಗಿ ಗೂಡಿನ ತಟ್ಟೆ ಬಿತ್ತು. ನಾನ್ ಆಚೆ ಓಡ್ಬಂದೆ.”

ಭಲೇ ಹುಡುಗಿ! ಎಂದುಕೊಂಡೆ. ಇಷ್ಟು ಮೆತ್ತಗೆ ಕೂತಿರುವವಳು ಒದ್ದು ಬಂದಳಲ್ಲ ಎಂದು ನನಗೆ ಖುಷಿಯೋ ಖುಷಿ. ಎಲ್ಲಿಗೆ ಒದ್ದೆ, ಹೇಗೆ ಒದ್ದೆ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ದುಂಡಗೆ ಬರೆದೆ: ಆಗ ನಾನು ಒದ್ದು, ಬಿಡಿ ಎಂದೆ. ಮುಗಿದ ಮೇಲೆ ನಿಯಮದಂತೆ ಜೋರಾಗಿ ಓದಿದೆ. ಪ್ರತಿ ಸಾಲಿಗೂ ತಲೆಯಾಡಿಸಿದಳು, ಆ ಸಾಲಿಗೂ ಆಡಿಸಿದಳು. ಜೆರಾಕ್ಸ್ ಮಾಡಿಸಿದ ಆರು ಪ್ರತಿಗಳಿಗೆ ಸಹಿ ಹಾಕಿ, ತನ್ನದೊಂದು ಪ್ರತಿಯನ್ನು ಮಡಿಸಿ ಬ್ಯಾಗಿನ ತಳಕ್ಕೆ ತಳ್ಳಿಕೊಂಡು ಹೋದಳು.

ದೂರಿನ ಒಂದು ಪ್ರತಿ ಏಳು ದಿನದೊಳಗೆ ಗೈಡ್‌ಗೆ ಹೋಗಬೇಕು, ಅವರು ಹತ್ತು ದಿನದೊಳಗೆ ಉತ್ತರ ಕೊಡಬೇಕು, ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಆದರೆ ಹುಡುಗಿಯ ಲೆಕ್ಕವೇ ಬೇರೆ ಇತ್ತು. ತಿಂಗಳ ಕೊನೆಗೆ ಪ್ರಾಜೆಕ್ಟ್ ವರದಿ ಸಲ್ಲಿಸಬೇಕು, ಅದಕ್ಕೆ ಗೈಡ್ ಸಹಿ ಬೇಕು, ಸಹಿ ಇಲ್ಲದಿದ್ದರೆ ಮೌಖಿಕ ಪರೀಕ್ಷೆ ಇಲ್ಲ, ಎರಡು ವರ್ಷದ ಓದು ಅಲ್ಲಿಗೇ ನಿಲ್ಲುತ್ತದೆ. ವಿಚಾರಣೆ ನಡೆಯುವಾಗಲೇ ಗೈಡ್ ಬದಲಿಸಲು ನಿಯಮದಲ್ಲಿ ಅವಕಾಶವಿದೆ. ಉತ್ತರ ಬಂದ ಕೂಡಲೇ ಅದನ್ನು ಮಾಡಿಸೋಣ ಎಂದು ಸಮಿತಿಯ ಅಧ್ಯಕ್ಷೆ ಹೇಳಿದ್ದರು. ಅವರು ರಸಾಯನಶಾಸ್ತ್ರದ ಹಿರಿಯ ಪ್ರಾಧ್ಯಾಪಕಿ, ದಿನಾ ಬೆಂಗಳೂರಿನಿಂದ ಬಂದು ಹೋಗುವವರು, ಅಳೆದು ತೂಗಿ ಮಾತಾಡುವವರು.

ಹತ್ತನೆಯ ದಿನ ಉತ್ತರ ಬಂತು. ಗೈಡ್ ಬರೆದಿದ್ದರು: ನಾನು ಕೈ ಹಿಡಿದಿಲ್ಲ. ಅಳತೆ ತಪ್ಪಾಗಿದೆ ಎಂದು ಗದರಿದ್ದಕ್ಕೆ ಆಕೆಯೇ ಸಿಟ್ಟಾಗಿ ನನ್ನ ಮಂಡಿಗೆ ಒದ್ದಳು. ಮೂರು ದಿನ ನಡೆಯಲಾಗಲಿಲ್ಲ. ಒದ್ದದ್ದನ್ನು ಆಕೆಯೇ ದೂರಿನಲ್ಲಿ ಒಪ್ಪಿಕೊಂಡಿದ್ದಾಳೆ. ಇದು ಸುಳ್ಳು ದೂರು, ಆಕೆಯ ಮೇಲೆ ಶಿಸ್ತು ಕ್ರಮ ಆಗಬೇಕು. ಜೊತೆಗೆ ಮಂಡಿನೋವಿಗೆ ತೋರಿಸಿದ ಒಂದು ಕ್ಲಿನಿಕ್ ಚೀಟಿಯನ್ನೂ ಲಗತ್ತಿಸಿದ್ದರು.

ಕೇಂದ್ರದ ಮುಖ್ಯಸ್ಥರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. “ನೋಡಿ ಮೇಡಂ, ಅವರೂ ಏನೋ ಅಂದಿದಾರೆ, ಇವಳೂ ಒದ್ದಿದಾಳೆ. ಇಬ್ಬರನ್ನೂ ಕೂರಿಸಿ ಸಾರಿ ಅನ್ನಿಸಿಬಿಡಿ” ಎಂದರು. ಹುಡುಗಿ ತಾನಾಗಿ ಕೇಳದೆ ರಾಜಿ ಮಾಡಿಸುವ ಹಾಗಿಲ್ಲ ಎಂದು ಅಧ್ಯಕ್ಷೆ ನಿಯಮ ತೋರಿಸಿದರು. ಆದರೆ ಗೈಡ್ ಬದಲಾವಣೆಯ ಮಾತು ಮಾತ್ರ ಅಲ್ಲಿಗೇ ನಿಂತಿತು. ಮೊದಲು ಈ ಒದ್ದ ವಿಷಯ ಇತ್ಯರ್ಥವಾಗಲಿ ಎಂದರು ಮುಖ್ಯಸ್ಥರು.

ನಾನು ಹುಡುಗಿಯನ್ನು ಕರೆಸಿದೆ. “ಮಂಡಿಗೆ ಒದ್ದೆ ಅಂತ ಬರದಾರಲ್ಲವ್ವ?”

ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ! ನಾನ್ ಯಾಕ್ ಒದೀಲಿ ಮ್ಯಾಡಮ್? ಸಾರ್‌ನ ನಾನ್ ಮುಟ್ಟೇ ಇಲ್ಲ!”

ನಾನು ದೂರಿನ ಹಾಳೆ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟೆ. ಓದಿದಳು. “ಹೂಂ, ಇದು ನಾನ್ ಹೇಳಿದ್ದೇ” ಎಂದಳು.

“ಮತ್ತೆ ಒದ್ದಿಲ್ಲ ಅಂತೀಯ!”

“ಒದ್ದಿಲ್ಲ ಮ್ಯಾಡಮ್. ಇದು ಹೇಳಿದ್ದೆ. ಆದ್ರೆ ಒದ್ದಿಲ್ಲ.”

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. “ಹೇಳೀನಿ ಅಂತೀಯ, ಮಾಡಿಲ್ಲ ಅಂತೀಯ! ನಿನ್ನ ಕಟ್ಟಿಗೊಂಡು ನಾವು ಹೆಂಗೆ ಏಗಬೇಕು? ಯಾರಾದ್ರೂ ಹೆದರಿಸ್ಯಾರೇನು? ನಿಜ ಹೇಳಿಬಿಡು!” ಎಂದು ರೇಗಿದೆ. ಅವಳು ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಮುಂದೆ ಎಷ್ಟು ಕೇಳಿದರೂ ದುಪಟ್ಟಾದ ಅಂಚು ಸುತ್ತುತ್ತಾ ಕೂತಳೇ ಹೊರತು ತುಟಿ ಬಿಚ್ಚಲಿಲ್ಲ. ಆ ದಿನ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮೂರು ದಿನ ಬಿಟ್ಟು ಬೆಳಿಗ್ಗೆಯೇ ಅವಳು ತಾಯಿಯನ್ನು ಕರೆದುಕೊಂಡು ಬಂದಳು. ಚಿಂತಾಮಣಿ ತಾಲ್ಲೂಕಿನ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದ ಹೆಂಗಸು. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಬೆರಳ ತುದಿಗಳು ಕಪ್ಪಾಗಿದ್ದವು. ಆಕೆ ಆಡುವುದು ತೆಲುಗು. ಮಗಳು ತಲೆ ತಗ್ಗಿಸಿ ಹೇಳಿದಳು: “ಕಂಪ್ಲೇಂಟ್ ವಾಪಸ್ ತಗೊಳಣ ಅಂತಿದಾರೆ ಅಮ್ಮ. ಪಾಠ ಹೇಳ್ಕೊಡೋರನ್ನ ಕಾಲಲ್ಲಿ ಒದ್ದಿದಾಳೆ ನಿಮ್ ಮಗಳು ಅಂತ ಯಾರೋ ಮನೇಗ್ ಫೋನ್ ಮಾಡಿ ಹೇಳಿದಾರೆ.”

ಹಿಂದಕ್ಕೆ ಪಡೆಯುವುದು ಅವಳ ಹಕ್ಕು. ಬೇಡ ಎಂದು ನಾನು ಹೇಳುವ ಹಾಗಿಲ್ಲ. ಸ್ವಲ್ಪ ಹೊತ್ತು ಸಿಗಲಿ ಎಂದು ಮೂರು ಟೀ ತರಿಸಿದೆ. ಒಂದು ಲೋಟ ತಾಯಿಯ ಮುಂದೆ ಹಿಡಿದೆ.

ಆಕೆ ಎರಡೂ ಕೈ ಮುಂದೆ ಮಾಡಿ ಹಿಂದಕ್ಕೆ ಸರಿದರು. “ಒದ್ದಮ್ಮಾ, ಒದ್ದು” ಎಂದರು.

ಲೋಟ ನನ್ನ ಕೈಯಲ್ಲೇ ಇತ್ತು. “ಏನಂದ್ರು?”

“ಬೇಡ ಅಂದ್ರು ಮ್ಯಾಡಮ್.”

“ಅಲ್ಲ, ಆ ಪದ. ಏನದು ಪದ?”

“ಒದ್ದು. ತೆಲುಗಲ್ಲಿ ಬೇಡ ಅನ್ನೋಕೆ ವದ್ದು ಅಂತಾರಲ್ಲ, ನಮ್ ಕಡೆ ಒದ್ದು ಅಂತೀವಿ...” ಎಂದವಳು ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. “ಮ್ಯಾಡಮ್, ನಿಮಗೆ ತೆಲುಗು ಬರಲ್ವಾ?”

ಲೋಟವನ್ನು ಮೇಜಿನ ಮೇಲಿಟ್ಟು ಕಪಾಟಿಗೆ ಓಡಿ ಫೈಲು ಎಳೆದೆ. ಆಗ ನಾನು ಒದ್ದು, ಬಿಡಿ ಎಂದೆ. ಅಯ್ಯೋ ದೇವರೇ, ಇಷ್ಟೇ! ಅವಳು ಒದ್ದಿಲ್ಲ. ‘ಒದ್ದು’ ಎಂದಿದ್ದಾಳೆ. ‘ಒದ್ದು, ಬಿಡಿ’ ಎಂದಿದ್ದಾಳೆ. ಬೇಡ, ಬಿಡಿ ಎಂದಿದ್ದಾಳೆ. ಕನ್ನಡದಲ್ಲಿ ಮಾತಾಡುತ್ತಿದ್ದವಳು ಆ ಗಳಿಗೆ ನೆನಪಾದಾಗ, ಆಗ ಬಾಯಿಂದ ಬಂದದ್ದನ್ನೇ ಆಡಿದ್ದಾಳೆ. ನಾನು ಓದಿ ಹೇಳಿದಾಗ ಅವಳ ಕಿವಿಗೆ ಬಿದ್ದದ್ದು ಅವಳದೇ ಮಾತು, ಅದಕ್ಕೇ ತಲೆಯಾಡಿಸಿದಳು. ಒಂದಕ್ಷರವೂ ತಪ್ಪಿಲ್ಲ, ಇರಬೇಕಾದ ಎರಡು ಉದ್ಧರಣ ಚಿಹ್ನೆಗಳಷ್ಟೇ ಇಲ್ಲ. ನಾಲ್ಕು ತಿಂಗಳಿಂದ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಆ ಪದ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬಿದ್ದಿರಬೇಕು. ಅದೆಲ್ಲ ತೆಲುಗು ಎಂದು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಹುಡುಗಿ ತಾಯಿಗೆ ತೆಲುಗಿನಲ್ಲಿ ಗಡಗಡನೆ ವಿವರಿಸಿದಳು. ಆ ಹೆಂಗಸು ನೆಟ್ಟಗೆ ಕೂತರು. “ಮಾ ಅಮ್ಮಾಯಿ ತನ್ನಲೇದಾ?” ಎಂದು ನನ್ನನ್ನೇ ಕೇಳಿದರು. ನಮ್ಮ ಹುಡುಗಿ ಒದೆಯಲಿಲ್ಲವಾ ಎಂದು. ಇಲ್ಲ ಎಂದು ಕೈಯಾಡಿಸಿದೆ. “ಅಯಿತೇ ಕಾಗಿತಂ ಉಂಡನೀಯಂಡಿ” ಎಂದರು. ಹಾಗಾದರೆ ಕಾಗದ ಇರಲಿ ಬಿಡಿ ಎಂದು ಮಗಳು ಹೇಳುವ ಮೊದಲೇ ನನಗೆ ಅರ್ಥವಾಗಿತ್ತು. ಆಮೇಲೆ ಆಕೆ ಟೀ ಲೋಟ ಎತ್ತಿಕೊಂಡರು.

ಈಗ ನಾನು ಮಾಡಹೊರಟ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಆ ಉತ್ಸಾಹದಲ್ಲಿ ಕಪಾಟಿನಿಂದ ಹೊಸ ಹಾಳೆ ತೆಗೆದೆ. ಸರಿಯಾಗಿ ಬರೆದು ಫೈಲಿನಲ್ಲಿಟ್ಟರೆ ಯಾರಿಗೆ ಗೊತ್ತಾಗುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ ಎಂದು ಹಾಳು ಯೋಚನೆ. ತಾರೀಖಿನ ಜಾಗ ಬಿಟ್ಟು ಮೊದಲ ಸಾಲು ಬರೆದೂ ಬಿಟ್ಟೆ. ಹುಡುಗಿ ಎದುರಿಗೆ ನಿಂತು ನೋಡುತ್ತಿದ್ದಳು. “ಎಲ್ಲಿ ಸೈನ್ ಮಾಡ್ಲಿ ಮ್ಯಾಡಮ್?” ಎಂದಳು, ಪೆನ್ನು ಹಿಡಿದು.

ಇನ್ನೂ ಬರೆದು ಮುಗಿಸಿಯೇ ಇಲ್ಲ, ಸಹಿಗೆ ತಯಾರಾಗಿದ್ದಾಳೆ! ನಾನು ಏನು ಬರೆದರೂ ಸಹಿ ಹಾಕುತ್ತಾಳೆ. ಅವತ್ತೂ ಹಾಗೇ ಹಾಕಿದ್ದು. ಪೆನ್ನು ಕೆಳಗಿಟ್ಟೆ. ಆ ಹೊಸ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿ ಅಧ್ಯಕ್ಷೆಗೆ ಫೋನ್ ಹಚ್ಚಿದೆ.

ಮಧ್ಯಾಹ್ನವೇ ಸಭೆ ಸೇರಿತು. ಸಮಿತಿಯಲ್ಲಿದ್ದ ಹೊರಗಿನ ಸದಸ್ಯೆ ಶಿಡ್ಲಘಟ್ಟದಿಂದ ಬಂದರು. ಹೆಣ್ಣುಮಕ್ಕಳ ಸಂಘಟನೆಯೊಂದರಲ್ಲಿ ದುಡಿಯುವವರು, ಹುಳು ಸಾಕಿ ರೇಷ್ಮೆ ನೂಲು ತೆಗೆಯುವ ಮನೆತನದವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ತೆಲುಗು ಎರಡೂ. ಅವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ನನ್ನ ಕಥೆ ಕೇಳಿ ಅವರು ಹಣೆ ಚಚ್ಚಿಕೊಂಡು ನಕ್ಕರು. “ಅರೆ ಅಲ್ಲಾ! ಮೊದಲನೇ ದಿನ ಈ ಕಾಗದ ನನಗೆ ಓದಿ ಹೇಳಿದ್ರೆ ಆವತ್ತೇ ಮುಗೀತಿತ್ತಲ್ಲ ಮೇಡಂ. ಜೆರಾಕ್ಸ್ ಕಳಿಸಿದ್ರಿ, ಕಾಮಾ ನೋಡಿ ನಾನೂ ಒದ್ದಳು ಅಂತ್ಲೇ ತಿಳ್ಕೊಂಡೆ.” ಆಮೇಲೆ ನಗು ನಿಂತಿತು. “ಒಂದು ನಿಮಿಷ. ಹುಡುಗಿ ಒದ್ದೇ ಇಲ್ಲ ಅಂದ್ರೆ, ಆ ಸಾರ್ ಮಂಡಿಗೆ ಏಟು ಎಲ್ಲಿಂದ ಬಂತು?”

ನನಗಂತೂ ಅದು ಹೊಳೆದೇ ಇರಲಿಲ್ಲ! ನನ್ನ ಮರ್ಯಾದೆಯ ಚಿಂತೆಯಲ್ಲೇ ನಾನು ಮುಳುಗಿದ್ದೆ. ಇಲ್ಲದ ಒದೆತಕ್ಕೆ ಗೈಡ್ ಮಂಡಿ ಕೊಟ್ಟು, ಮೂರು ದಿನ ಮಲಗಿ, ಕ್ಲಿನಿಕ್ ಚೀಟಿಯನ್ನೂ ತಂದಿದ್ದರು.

ಹಳೆಯ ದೂರು ಹಾಗೇ ಇರಲಿ, ಒಂದು ಗೀಟನ್ನೂ ಎಳೆಯಬಾರದು ಎಂದು ತೀರ್ಮಾನವಾಯಿತು. ಬರೆದವಳು ನಾನೇ ಆದ್ದರಿಂದ ಈ ಪ್ರಕರಣದಲ್ಲಿ ನಾನು ಸದಸ್ಯೆಯಾಗಿ ಕೂರುವುದು ಸರಿಯಲ್ಲ ಎಂದು ನಾನೇ ಹೇಳಿ, ಹಿಂದೆ ಸರಿದು, ಸಾಕ್ಷಿಯಾಗಿ ಹೇಳಿಕೆ ಕೊಟ್ಟೆ: ತಪ್ಪು ನನ್ನದು, ಆ ಪದದ ಅರ್ಥ ನನಗೆ ತಿಳಿದಿರಲಿಲ್ಲ. ಅಷ್ಟು ಬರೆಯಲು ನನ್ನ ದುಂಡಕ್ಷರ ಸ್ವಲ್ಪ ಸೊಟ್ಟಗಾಯಿತು. ಗೈಡ್‌ರ ವಿಚಾರಣೆ ಮೊದಲೇ ನಿಗದಿಯಾಗಿದ್ದ ದಿನವೇ ನಡೆಯಲಿ, ಮೊದಲು ಅವರ ಮಾತು ಕೇಳಿ, ಆಮೇಲೆ ಅದೇ ಸಭೆಯಲ್ಲಿ ನನ್ನ ಹೇಳಿಕೆ ಅವರ ಕೈಗೆ ಕೊಡೋಣ ಎಂದು ಅಧ್ಯಕ್ಷೆ ಹೇಳಿದರು.

ಆ ದಿನ ನಾನು ಗೋಡೆಯ ಪಕ್ಕದ ಸಾಕ್ಷಿಯ ಕುರ್ಚಿಯಲ್ಲಿ ಕೂತೆ. ಗೈಡ್ ಒಳ್ಳೆ ಇಸ್ತ್ರಿ ಅಂಗಿ ತೊಟ್ಟು ಬಂದರು. ಈ ಸೀಮೆಯವರೇ, ಮನೆಮಾತು ತೆಲುಗು. ಒದ್ದ ಬಗ್ಗೆ ಹೇಳಿ ಎಂದು ಅಧ್ಯಕ್ಷೆ ಕೇಳಿದ್ದೇ ತಡ, ಎದ್ದು ನಿಂತು ಮಂಡಿ ಮುಟ್ಟಿ ತೋರಿಸಿದರು. “ಇಲ್ಲಿ ಮೇಡಂ, ಎಡಗಾಲಿಗೆ. ಚಪ್ಪಲಿ ಕಾಲಲ್ಲೇ ಒದ್ದಳು. ಅದಕ್ಕೇ ಅಷ್ಟು ಊದಿಕೊಂಡಿದ್ದು.”

ಆಪಾ ತಲೆಯೆತ್ತಿದರು. “ಚಪ್ಪಲಿ ಕಾಲಲ್ಲಾ ಸಾರ್? ಹುಳು ಸಾಕೋ ರೂಮಲ್ಲಿ? ನಮ್ ಮನೇಲಿ ಚಪ್ಪಲಿ ಹಾಕ್ಕೊಂಡು ಹುಳು ಹತ್ರ ಹೋದ್ರೆ ನಮ್ ಅತ್ತೆ ಆಚೆ ತಳ್ಳೋರು, ಹುಳುಗೆ ರೋಗ ಬರುತ್ತೆ ಅಂತ. ನಿಮ್ ರೂಮಿನ ಬಾಗಿಲ ಮೇಲೂ ಚಪ್ಪಲಿ ಹೊರಗೆ ಬಿಡಿ ಅಂತ ಬೋರ್ಡ್ ಇದೆ. ಕೆಳಗೆ ನಿಮ್ದೇ ಸೈನು.”

ಗೈಡ್, “ಅವಳು ರೂಲ್ಸ್ ಎಲ್ಲಿ ಫಾಲೋ ಮಾಡ್ತಾಳೆ” ಎಂದರು. ಆದರೆ ಕೂತುಬಿಟ್ಟರು.

ಆಪಾ ದೂರಿನ ಪ್ರತಿ ಅವರ ಮುಂದೆ ಸರಿಸಿದರು. “ಈ ಸಾಲು ಸ್ವಲ್ಪ ಜೋರಾಗಿ ಓದಿ ಸಾರ್.”

“ಆಗ ನಾನು ಒದ್ದು,” ಗೈಡ್ ಕಾಮಾದ ಹತ್ತಿರ ಚೆನ್ನಾಗಿ ನಿಂತು ಓದಿದರು, “ಬಿಡಿ ಎಂದೆ.”

“ಈಗ ಆ ಕಾಮಾ ಬಿಟ್ಟು ಓದಿ. ನಿಮ್ ಮನೇಲಿ ಮಾತಾಡೋ ಹಂಗೆ.”

ಗೈಡ್ ಕಾಗದ ನೋಡಿದರು. ಬಾಯಿ ತೆರೆದರು. ಓದಲಿಲ್ಲ. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಯಿತು. ನನಗೆ ಆಗ ಹೊಳೆಯಿತು ನೋಡಿ, ಕೂತಲ್ಲೇ ಕುರ್ಚಿಯ ಕೈ ಬಿಗಿಹಿಡಿದೆ: ಇವರಿಗೆ ಗೊತ್ತಿತ್ತು! ದೂರಿನ ಪ್ರತಿ ಕೈಗೆ ಬಂದ ದಿನವೇ ಗೊತ್ತಿತ್ತು. ಆ ಕೋಣೆಯಲ್ಲಿ ಆ ಮಾತು ಕೇಳಿಸಿಕೊಂಡವರು ಇವರೊಬ್ಬರೇ. ಬರೆದವಳು ಎಡವಿದ್ದಾಳೆ ಎಂದು ತಿಳಿದೇ ಆ ತಪ್ಪಿನ ಮೇಲೆ ಕಾಲೂರಿ ಕಥೆ ಕಟ್ಟಿದ್ದರು.

ಅಧ್ಯಕ್ಷೆ ನನ್ನ ಹೇಳಿಕೆಯ ಪ್ರತಿ ಅವರ ಕೈಗೆ ಕೊಟ್ಟು, ಇದಕ್ಕೆ ಉತ್ತರ ಬರೆದುಕೊಡಲು ನಿಮಗೆ ಸಮಯವಿದೆ ಎಂದರು. ಅದೇ ಸಭೆಯಲ್ಲಿ ಕ್ಲಿನಿಕ್ ಚೀಟಿಯನ್ನು ಮತ್ತೊಮ್ಮೆ ನೋಡಿದರು. ತಾರೀಖು ಘಟನೆಗೆ ನಾಲ್ಕು ದಿನ ಹಿಂದಿನದು. ಒದ್ದದ್ದು ನಿಜ ಎಂದು ನಾವೆಲ್ಲ ನಂಬಿದ್ದರಿಂದ ಅದನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಸಂಜೆಯೊಳಗೆ ಹುಡುಗಿಗೆ ಬೇರೆ ಗೈಡ್ ಕೊಡುವ ಆದೇಶಕ್ಕೆ ಮುಖ್ಯಸ್ಥರ ಸಹಿ ಬಿತ್ತು. ಹೊಸ ಗೈಡ್ ಸಹಿಯೊಂದಿಗೆ ತಿಂಗಳ ಕೊನೆಗೆ ಅವಳ ವರದಿಯೂ ಸಲ್ಲಿಕೆಯಾಯಿತು.

ಹತ್ತು ದಿನಕ್ಕೆ ಗೈಡ್‌ರ ಎರಡನೆಯ ಉತ್ತರ ಬಂತು. ಮೂರು ಪುಟವಿತ್ತು. ಹುಡುಗಿಯ ಹಾಜರಾತಿ, ಅಳತೆಯ ತಪ್ಪು, ತಮ್ಮ ಹೆಸರು ಕೆಡಿಸುವ ಸಂಚು, ಏನೇನೋ ಇತ್ತು. ಒದ್ದ ಮಾತು ಮಾತ್ರ ಎಲ್ಲೂ ಇರಲಿಲ್ಲ. ಮಂಡಿಯೂ ಇರಲಿಲ್ಲ. ಆಪಾ ಅದನ್ನು ಎರಡು ಸಲ ಓದಿ, “ನೋವು ಹೋಯ್ತು ಪಾಪ” ಎಂದರಂತೆ.

ದೂರು ನಿಜವೆಂದು ಸಮಿತಿ ವರದಿ ಕೊಟ್ಟಿತು. ವಿಶ್ವವಿದ್ಯಾಲಯ ಅವರನ್ನು ಬೋಧನೆಯಿಂದ ಬಿಡಿಸಿ ಮುಂದಿನ ಕ್ರಮ ಶುರು ಮಾಡಿತು. ವರದಿಯಲ್ಲಿ ಆ ಸಾಲನ್ನು ನಾನು ಬರೆದಂತೆಯೇ ಉಳಿಸಿ, ಕೆಳಗೆ ಸರಿಯಾದ ಓದು ಕೊಟ್ಟಿದ್ದರು: ಆಗ ನಾನು ‘ಒದ್ದು, ಬಿಡಿ’ ಎಂದೆ. ಆ ಎರಡು ಚಿಹ್ನೆಗಳ ಪಕ್ಕದಲ್ಲಿ ಅಧ್ಯಕ್ಷೆ, ಆಪಾ, ಇನ್ನೊಬ್ಬ ಸದಸ್ಯರು, ಮೂವರ ಸಹಿಯೂ ಇತ್ತು. ಈಗ ಯಾರೇ ಬಂದರೂ ನಾನು ಮೊದಲು ಕೇಳುವುದು, “ಮನೇಲಿ ಏನು ಮಾತಾಡ್ತೀರವ್ವ?” ಎಂದು. ನನಗೆ ಬಾರದ ಮಾತಾದರೆ ಬರುವವರು ಪಕ್ಕದಲ್ಲಿ ಕೂರುವವರೆಗೆ ಪೆನ್ನು ಮುಟ್ಟುವುದಿಲ್ಲ.

ಮೌಖಿಕ ಪರೀಕ್ಷೆ ಮುಗಿದ ಮಧ್ಯಾಹ್ನ ಹುಡುಗಿ ನನ್ನ ಕೋಣೆಗೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ದಡಬಡನೆ ನುಗ್ಗಿದಳು. “ಮ್ಯಾಡಮ್, ಚೆನ್ನಾಗ್ ಮಾಡ್ದೆ! ಗೂಡಿನ ತೂಕದ ಟೇಬಲ್ ನೋಡಿ ಗುಡ್ ಅಂದ್ರು!” ಎಂದು ಉಸಿರು ಬಿಡದೆ ಹೇಳಿದಳು. ಇಬ್ಬರೂ ಕೂತು ಅವಳು ತಂದ ಬೇಕರಿ ಬಿಸ್ಕತ್ತು ತಿಂದೆವು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಕ್ಕಳು.

“ನಿಜ ಹೇಳಿ ಮ್ಯಾಡಮ್. ಅವತ್ತು ನಾನ್ ನಿಜವಾಗ್ಲೂ ಒದ್ದಿದ್ರೆ ನಿಮಗೆ ಖುಷಿ ಆಗ್ತಿತ್ತು ಅಲ್ವಾ?”

ಆಗಿತ್ತಲ್ಲ, ಬರೆಯುವಾಗ ಎಷ್ಟು ಖುಷಿಯಾಗಿತ್ತು! ಅವಳು ಬರೀ ಬೇಡ ಎಂದಳು ಎಂದುಕೊಂಡಿದ್ದರೆ ನಾನು ಭಲೇ ಎನ್ನುತ್ತಿದ್ದೆನೋ ಇಲ್ಲವೋ.

“ಇಲ್ಲವ್ವ,” ಎಂದೆ. “ಒದ್ದು ಅಂದಿಯಲ್ಲ. ಅಷ್ಟೇ ಸಾಕಾಗಬೇಕಿತ್ತು, ಅವರಿಗೂ, ನನಗೂ.”